ಯಾರ ಕೈಲಿ ಓಡಿದ ಗಾಡಿ?

ಹುಣಸೂರು ಕಡೆ ಹಳೇ ಇನ್ನೋವಾ ಮಾರಾಟಕ್ಕಿದೆ ಎಂದರೆ ನೋಡಲು ಬಂದವರ ಮೊದಲ ಪ್ರಶ್ನೆ ‘ಯಾರ ಕೈಲಿ ಓಡಿರೋದು?’ ಎಂಬುದೇ. ಮಾಡೆಲ್ಲು, ಬಣ್ಣ, ಬೆಲೆ ಎಲ್ಲ ಆಮೇಲೆ. ಮೀಟರಿನಲ್ಲಿ ನಾಲ್ಕೂವರೆ ಲಕ್ಷ ಕಿಲೋಮೀಟರ್ ಕಂಡರೂ ಹೆದರದವರು, ಎರಡು ವರ್ಷದಲ್ಲಿ ನಾಲ್ಕು ಡ್ರೈವರ್ ಬದಲಾಗಿದ್ದಾರೆ ಎಂದು ತಿಳಿದರೆ ‘ನೋಡಿ ಹೇಳ್ತೀವಿ’ ಅಂದು ಹೊರಟುಬಿಡುತ್ತಾರೆ. ಕಾನೂನು ಗಾಡಿಯ ಆಯುಸ್ಸನ್ನು ವರ್ಷದ ಲೆಕ್ಕದಲ್ಲಿ ನೋಡುತ್ತದೆ. ಕಾರು ಮಾರುವವರು ಮಾಡೆಲ್ಲಿನ ಲೆಕ್ಕದಲ್ಲಿ ನೋಡುತ್ತಾರೆ. ಈ ಸೀಮೆಯ ಜನ ಕೈ ನೋಡುತ್ತಾರೆ. ಹಳೇ ಕಾರನ್ನು ಐದಾರು ಲಕ್ಷ ದಾಟಿಸುವುದು ಹೇಗೆ, ಎಲ್ಲಿಯವರೆಗೆ ಓಡಿಸಬಹುದು, ಯಾವಾಗ ನಿಲ್ಲಿಸಬೇಕು ಎಂಬ ಪ್ರಶ್ನೆಗಳಿಗೆ ಈ ಮೂರನೆಯ ಅಳತೆಯೇ ಸರಿಯಾದದ್ದು ಎಂಬುದು ನನ್ನ ನಂಬಿಕೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ರಸ್ತೆಗಳನ್ನೂ ಗ್ಯಾರೇಜುಗಳನ್ನೂ ನೋಡುತ್ತಾ ಬಂದವರಿಗೆ ಹೀಗೆ ಅನ್ನಿಸದೇ ಇರದು.

ಇಲ್ಲಿ ಗಾಡಿಗಳು ಇಷ್ಟೊಂದು ಓಡುವುದಕ್ಕೆ ಕಾರಣ ಊರುಗಳ ನೆಲೆಯಲ್ಲೇ ಇದೆ. ಮೈಸೂರಿನಿಂದ ಹುಣಸೂರಿಗೆ 45 ಕಿ.ಮೀ., ಪಿರಿಯಾಪಟ್ಟಣಕ್ಕೆ ಎಪ್ಪತ್ತರ ಹತ್ತಿರ, ಕೋಟೆಗೆ ಐವತ್ತರ ಮೇಲೆ, ಕೆ.ಆರ್. ನಗರಕ್ಕೆ ನಲವತ್ತರ ಆಸುಪಾಸು. ದೊಡ್ಡಾಸ್ಪತ್ರೆಗೆ, ಕೋರ್ಟಿಗೆ, ಮದುವೆ ಜವಳಿಗೆ ಎಲ್ಲರೂ ಮೈಸೂರಿಗೇ ಹೋಗಬೇಕು. ಮೈಸೂರು–ಮಡಿಕೇರಿ ಹೆದ್ದಾರಿ ಹುಣಸೂರು, ಪಿರಿಯಾಪಟ್ಟಣದ ಕಡೆಯಿಂದಲೇ ಹಾದುಹೋಗುತ್ತದೆ. ಹಾಸನದ ರಸ್ತೆ ಬಿಳಿಕೆರೆಯಲ್ಲಿ ಕವಲೊಡೆದು ಕೆ.ಆರ್. ನಗರದ ಮೇಲೆ ಹೊಳೆನರಸೀಪುರ ಸೇರುತ್ತದೆ. ಕೋಟೆಯಿಂದ ಹ್ಯಾಂಡ್‌ಪೋಸ್ಟ್, ಅಂತರಸಂತೆ ಹಾದು ಬಾವಲಿ ದಾಟಿದರೆ ಕೇರಳದ ಮಾನಂದವಾಡಿ. ಈ ಬಾವಲಿ ರಸ್ತೆ ನಾಗರಹೊಳೆ ಕಾಡಿನೊಳಗೆ ಹೋಗುವುದರಿಂದ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಗೇಟು ಹಾಕುತ್ತಾರೆ. ಗೇಟು ಮುಚ್ಚುವ ಮುಂಚೆ ದಾಟಬೇಕೆಂದು ಹಂಪು, ಗುಂಡಿ ನೋಡದೆ ಓಡಿಸಿದ ಗಾಡಿಯ ಲಿಂಕ್ ರಾಡು, ಬುಷ್ಷು, ಬಾಲ್ ಜಾಯಿಂಟುಗಳು ಒಂದೇ ವರ್ಷದಲ್ಲಿ ಕಟಕಟ ಎನ್ನುತ್ತವೆ. ಅರ್ಧ ಗಂಟೆ ಮುಂಚೆ ಹೊರಡುವ ಅಭ್ಯಾಸವಿರುವ ಡ್ರೈವರ್ ಕೈಯ ಗಾಡಿಯಲ್ಲಿ ಅವೇ ಸಾಮಾನು ಮೂರು ವರ್ಷ ಬರುತ್ತವೆ.

ಬಾಡಿಗೆ ಗಾಡಿಯ ಲೆಕ್ಕ ಹಾಕಿ ನೋಡಿ. ಹುಣಸೂರಿನಿಂದ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಹೋಗಿ ಬಂದರೆ ಸುಮಾರು 450 ಕಿ.ಮೀ. ವಾರಕ್ಕೆ ಎರಡು ಸಲ ಈ ಬಾಡಿಗೆ ಸಿಕ್ಕರೆ ವರ್ಷಕ್ಕೆ 46 ಸಾವಿರ ದಾಟುತ್ತದೆ. ಅದರ ಮೇಲೆ ಶಬರಿಮಲೆ ಸೀಸನ್ನು, ಧರ್ಮಸ್ಥಳ, ಮಾದಪ್ಪನ ಬೆಟ್ಟ, ಬೈಲುಕುಪ್ಪೆಯ ಗೋಲ್ಡನ್ ಟೆಂಪಲ್ ನೋಡಲು ಬರುವವರು, ಕಬಿನಿ ರೆಸಾರ್ಟುಗಳ ಅತಿಥಿಗಳು. ಹತ್ತು ವರ್ಷ ತುಂಬುವ ಮುಂಚೆಯೇ ಐದು ಲಕ್ಷ ಆಗಿರುತ್ತದೆ. ಇದು ಸಾಧನೆಯೆಂದು ಯಾರೂ ಹೇಳಿಕೊಳ್ಳುವುದಿಲ್ಲ, ಕಸುಬು ಅಷ್ಟೆ. ಕಾಫಿ ಕೊಯ್ಲಿನ ಕಾಲದಲ್ಲಿ ಗಡಿ ಹಳ್ಳಿಗಳಿಂದ ಕೊಡಗಿನ ತೋಟಗಳಿಗೆ ಆಳು ಸಾಗಿಸುವ ಜೀಪುಗಳ ಕಥೆ ಬೇರೆ. ಅವು ಕಿಲೋಮೀಟರ್ ಕಡಿಮೆ ಓಡುತ್ತವೆ, ಆದರೆ ಮೈತುಂಬ ಜನ ಹೊತ್ತು ಏರು ಹತ್ತುತ್ತವೆ.

ಹುಣಸೂರಿಗೆ ಗಾಡಿಯ ನಂಟು ಮೋಟಾರಿಗಿಂತ ಹಳೆಯದು. 19ನೇ ಶತಮಾನದಲ್ಲಿ ಅಮೃತ್ ಮಹಲ್ ದನಗಳ ಕೇಂದ್ರ ಇಲ್ಲಿತ್ತು. ಸೈನ್ಯಕ್ಕೆ ಬೇಕಾದ ಚರ್ಮದ ಸಾಮಾನು, ಕಂಬಳಿ ಇಲ್ಲಿ ತಯಾರಾಗುತ್ತಿದ್ದವು. ಕೊಡಗಿನ ದಾರಿಯ ಮೇಲಿನ ಊರಾದ್ದರಿಂದ ಎತ್ತಿನ ಗಾಡಿ ಕಟ್ಟುವವರೂ ಬಹಳ ಮಂದಿ ಇದ್ದರು. ಇಂದು ಸಾರಿಗೆ ಇಲಾಖೆಯ ನಕ್ಷೆಯಲ್ಲಿ ಹುಣಸೂರಿಗೆ ತನ್ನದೇ ನಂಬರ್ ಇದೆ, ಕೆಎ–45. ಈ ಸೀಮೆಯ ಗಾಡಿಗಳ ಚರಿತ್ರೆ ಚಿಕ್ಕದು, ಆದರೆ ಸ್ಪಷ್ಟ. ಮೊದಲು ಅಂಬಾಸಿಡರ್ ಮತ್ತು ಜೀಪು. 1983ರ ಡಿಸೆಂಬರಿನಲ್ಲಿ ಮಾರುತಿ 800 ಹುಟ್ಟಿತು, ಮರುವರ್ಷ ಓಮ್ನಿ ಬಂತು. ಮೇಷ್ಟ್ರು, ಡಾಕ್ಟರು, ಅಂಗಡಿಯವರ ಮನೆ ಮುಂದೆ ಕಾರು ನಿಂತದ್ದು ಆಗಲೇ. 1994ರ ಟಾಟಾ ಸುಮೊ ಬಾಡಿಗೆಗೆ ಹೇಳಿ ಮಾಡಿಸಿದ ಗಾಡಿಯಾಯಿತು. 2000ದ ಜನವರಿಯಲ್ಲಿ ಬಿಡದಿಯ ಕಾರ್ಖಾನೆಯಿಂದ ಕ್ವಾಲಿಸ್ ಬಂದ ಮೇಲೆ ಟ್ಯಾಕ್ಸಿಯವರ ಲೆಕ್ಕಾಚಾರವೇ ಬದಲಾಯಿತು. 2005ರಲ್ಲಿ ಅದರ ಜಾಗಕ್ಕೆ ಇನ್ನೋವಾ ಬಂತು. ಈಗ ‘ಓಡೋ ಗಾಡಿ’ ಎಂದು ಇಲ್ಲಿ ಯಾರಾದರೂ ಹೇಳಿದರೆ ಸಾಮಾನ್ಯವಾಗಿ ಈ ಎರಡರಲ್ಲಿ ಒಂದು, ಇಲ್ಲವೇ ಬೊಲೆರೊ.

ಇವು ಯಾಕೆ ಉಳಿದವು ಎಂಬುದಕ್ಕೆ ಎಂಜಿನ್ ಎಷ್ಟು ಕಾರಣವೋ ಅಷ್ಟೇ ಕಾರಣ ಅಡಿಪಾಯ. ಸುಮೊ, ಬೊಲೆರೊ, ಕ್ವಾಲಿಸ್, ಇನ್ನೋವಾಗಳಲ್ಲಿ ಕೆಳಗೆ ಗಟ್ಟಿಯಾದ ಚಾಸಿ, ಅದರ ಮೇಲೆ ಬಾಡಿ. ಬಾಡಿಗೆ ತುಕ್ಕು ಹಿಡಿದರೆ ಟಿಂಕರಿಂಗಿನವರು ಕತ್ತರಿಸಿ ಪ್ಯಾಚ್ ಹಾಕಿ ಪೇಂಟ್ ಹೊಡೆಯುತ್ತಾರೆ, ಗಾಡಿಯ ಬಲಕ್ಕೆ ದೊಡ್ಡ ಕುಂದಿಲ್ಲ. ಮಾರುತಿ 800, ಇಂಡಿಕಾದಂಥವುಗಳಿಗೆ ಬೇರೆ ಚಾಸಿಯೇ ಇಲ್ಲ, ಬಾಡಿಯೇ ಚಾಸಿ. ಬಾಗಿಲ ಕೆಳಗಿನ ಪಟ್ಟಿ, ಮುಂದಿನ ಶಾಕ್ ಅಬ್ಸಾರ್ಬರ್ ಕೂರುವ ಜಾಗ ತುಕ್ಕು ಹಿಡಿದರೆ ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಕಾರು ಒಳಗಿಂದ ಸತ್ತಂತೆ. ಕೆ.ಆರ್. ನಗರದ ನಾಲೆ ಬಯಲಿನಲ್ಲಿ ಗದ್ದೆ ಕೆಸರು ತುಳಿದ ಕಾಲಿನಲ್ಲೇ ಕಾರು ಹತ್ತುತ್ತಾರೆ. ಆ ಕೆಸರು ಮ್ಯಾಟಿನ ಕೆಳಗೆ ಸೇರಿ, ಅಲ್ಲಿನ ಹತ್ತಿ ಪದರ ಒದ್ದೆಯಾಗಿ, ನೆಲದ ತಗಡು ಮೇಲಿನಿಂದಲೇ ತೂತಾಗುತ್ತದೆ. ಬಾಗಿಲ ತಳದಲ್ಲಿ ನೀರು ಇಳಿಯಲು ಸಣ್ಣ ತೂತುಗಳಿರುತ್ತವೆ. ಅವು ಮಣ್ಣಿನಿಂದ ಮುಚ್ಚಿದರೆ ಬಾಗಿಲೊಳಗೇ ನೀರು ನಿಲ್ಲುತ್ತದೆ. ಮಳೆಗಾಲ ಮುಗಿದ ಮೇಲೆ ಮ್ಯಾಟ್ ತೆಗೆದು ಬಿಸಿಲಿಗೆ ಹಾಕಿ, ಆ ತೂತುಗಳಿಗೆ ಒಂದು ತಂತಿ ಆಡಿಸುವುದು ಹತ್ತು ನಿಮಿಷದ ಕೆಲಸ. ಮಾಡುವವರು ಕಡಿಮೆ.

ಲೋಕದಲ್ಲಿ ಅತಿ ಹೆಚ್ಚು ಓಡಿದ ಕಾರುಗಳ ಕಥೆಯೂ ಕೈಯ ಮಾತನ್ನೇ ಹೇಳುತ್ತದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ವಿಜ್ಞಾನ ಮೇಷ್ಟ್ರು ಇರ್ವ್ ಗಾರ್ಡನ್ 1966ರಲ್ಲಿ ಒಂದು ವೋಲ್ವೋ ಪಿ1800 ಕೊಂಡರು. ಶಾಲೆಗೆ ಹೋಗಿ ಬರುವುದೇ ದಿನಕ್ಕೆ 200 ಕಿ.ಮೀ. ಇತ್ತು. 2013ರಲ್ಲಿ ಆ ಕಾರು 30 ಲಕ್ಷ ಮೈಲಿ, ಅಂದರೆ 48 ಲಕ್ಷ ಕಿ.ಮೀ. ಮುಟ್ಟಿತು. ಎಂಜಿನನ್ನು ಮೊದಲ ಸಲ ಬಿಚ್ಚಿ ಕಟ್ಟಿದ್ದು 6,80,000 ಮೈಲಿ ಆದ ಮೇಲೆ. ಕಂಪನಿಯ ಪುಸ್ತಕದಲ್ಲಿ ಹೇಳಿದ್ದನ್ನು ಹೇಳಿದ ಹೊತ್ತಿಗೆ ಮಾಡಿದ್ದು ಬಿಟ್ಟರೆ ಅವರಲ್ಲಿ ಬೇರೆ ಗುಟ್ಟಿರಲಿಲ್ಲ. ಗ್ರೀಸಿನ ಥೆಸಲೊನಿಕಿಯ ಟ್ಯಾಕ್ಸಿ ಚಾಲಕ ಗ್ರೆಗೋರಿಯೊಸ್ ಸಾಕಿನಿಡಿಸ್ 1976ರ ಮರ್ಸಿಡಿಸ್ 240ಡಿ ಕಾರನ್ನು 46 ಲಕ್ಷ ಕಿ.ಮೀ. ಓಡಿಸಿ 2004ರಲ್ಲಿ ಕಂಪನಿಯ ಮ್ಯೂಸಿಯಮ್ಮಿಗೆ ಒಪ್ಪಿಸಿದರು. ಅವರ ದಾರಿ ಬೇರೆ: ಎಂಜಿನ್‌ಗಳನ್ನು ಸರದಿಯ ಮೇಲೆ ಇಳಿಸಿ, ರಿಪೇರಿ ಮಾಡಿಸಿ, ಮತ್ತೆ ಏರಿಸುವುದು. ಒಬ್ಬರು ಎಂಜಿನ್ ಉಳಿಸಿದರು, ಇನ್ನೊಬ್ಬರು ಎಂಜಿನ್ ಬದಲಿಸಿ ಗಾಡಿ ಉಳಿಸಿದರು. ಎರಡರಲ್ಲೂ ಸಮಾನವಾದದ್ದು ಒಂದೇ ಕೈ. ನಮ್ಮ ಸೀಮೆಯಲ್ಲಿ ನಡೆಯುವುದು ಹೆಚ್ಚಾಗಿ ಎರಡನೆಯ ದಾರಿ. ಅಪಘಾತವಾದ ಗಾಡಿಯ ಎಂಜಿನ್ ತಂದು ಕೂರಿಸುವುದು ಇಲ್ಲಿ ಮಾಮೂಲು. ಆದರೆ ಹಾಗೆ ಕೂರಿಸಿದ ಮೇಲೆ ಆರ್.ಸಿ.ಯಲ್ಲಿ ಎಂಜಿನ್ ನಂಬರ್ ತಿದ್ದಿಸಲೇಬೇಕು. ತಿದ್ದಿಸದ ಗಾಡಿ ಅಪಘಾತವಾದಾಗ ಇನ್ಶೂರೆನ್ಸ್ ಕ್ಲೇಮಿನಲ್ಲೂ ಮಾರುವಾಗಲೂ ಯಜಮಾನನ ಕೊರಳಿಗೇ ಬರುತ್ತದೆ.

ಕಿಲೋಮೀಟರ್ ಎಂಬ ಅಳತೆಯನ್ನೇ ಸ್ವಲ್ಪ ಅನುಮಾನದಿಂದ ನೋಡಬೇಕು. ಎಂಜಿನ್ನಿಗೆ ಗೊತ್ತಿರುವುದು ತಾನು ತಿರುಗಿದ ಗಂಟೆಗಳು ಮಾತ್ರ. ಸರಾಸರಿ 50 ಕಿ.ಮೀ. ವೇಗದಲ್ಲಿ ಹೆದ್ದಾರಿಯಲ್ಲಿ ಓಡಿದ ಗಾಡಿ ಐದು ಲಕ್ಷ ಮುಟ್ಟಲು 10,000 ಗಂಟೆ ಸಾಕು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ 20ರ ಸರಾಸರಿಯಲ್ಲಿ ತೆವಳಿದ ಗಾಡಿ ಅದೇ 10,000 ಗಂಟೆಯಲ್ಲಿ ಎರಡೇ ಲಕ್ಷ ತೋರಿಸುತ್ತದೆ. ಅದರ ಕ್ಲಚ್ಚು, ಬ್ರೇಕು, ಗೇರು ಸವೆದಿರುವುದು ಇನ್ನೂ ಹೆಚ್ಚು. ಹಾಗಾಗಿ ‘ಎರಡೇ ಲಕ್ಷ ಓಡಿರೋದು, ಬೆಂಗಳೂರು ಗಾಡಿ’ ಎಂಬ ಬ್ರೋಕರ್ ಮಾತಿಗಿಂತ ಮೈಸೂರು–ಮಡಿಕೇರಿ ಲೈನಿನಲ್ಲಿ ನಾಲ್ಕು ಲಕ್ಷ ಓಡಿದ ಗಾಡಿ ಎಷ್ಟೋ ಸಲ ಮೇಲು. ಮೀಟರ್ ಹಿಂದಕ್ಕೆ ತಿರುಗಿಸುವ ಚಾಳಿಯಂತೂ ಇದ್ದೇ ಇದೆ. ಹಳೇ ಗಾಡಿಗಳಲ್ಲಿ ಕೇಬಲ್ ಕಳಚಿ ಓಡಿಸುತ್ತಿದ್ದರು, ಈಗ ಲ್ಯಾಪ್‌ಟಾಪ್ ಇಟ್ಟು ಅಂಕಿಯನ್ನೇ ಬದಲಿಸುತ್ತಾರೆ. ಒಂದು ಲಕ್ಷ ಎಂದು ಮೀಟರ್ ಹೇಳುವಾಗ ಬ್ರೇಕ್ ಪೆಡಲ್ಲಿನ ರಬ್ಬರ್ ಒಂದು ಕಡೆ ನುಣ್ಣಗೆ ಸವೆದಿದ್ದರೆ, ಸ್ಟೇರಿಂಗ್ ಹಿಡಿಯುವ ಜಾಗ ಮಿರಮಿರ ಮಿಂಚುತ್ತಿದ್ದರೆ, ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು ಕುಸಿದಿದ್ದರೆ ಮೀಟರನ್ನು ನಂಬಬೇಕಿಲ್ಲ.

ಎಂಜಿನ್ ನೋಡುವ ವಿಧಾನ ಇಲ್ಲಿನ ಮೇಸ್ತ್ರಿಗಳದ್ದು ಸರಳ. ಗಾಡಿ ಸ್ಟಾರ್ಟ್ ಮಾಡಿ, ಬಿಸಿಯಾಗುವವರೆಗೆ ಬಿಡುತ್ತಾರೆ. ಬಾನೆಟ್ ಎತ್ತಿ, ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಬಾಯಿಯ ಮುಚ್ಚಳ ತಿರುಗಿಸಿ ತೆಗೆದು, ಅದನ್ನು ಮಗುಚಿ ಆ ಬಾಯಿಯ ಮೇಲೇ ಇಡುತ್ತಾರೆ. ಮುಚ್ಚಳ ಸಣ್ಣಗೆ ನಡುಗುತ್ತಾ ಕೂತಲ್ಲೇ ಕೂತರೆ ಪಿಸ್ಟನ್ ರಿಂಗು, ಲೈನರು ಚೆನ್ನಾಗಿವೆ. ಕುಣಿದು ಜಾರಿ ಬೀಳುತ್ತಿದ್ದರೆ, ಬಾಯಿಂದ ಬುಸುಬುಸು ಹೊಗೆ ಬರುತ್ತಿದ್ದರೆ ‘ಬ್ಯಾಕ್ ಕಂಪ್ರೆಷನ್ ಐತೆ ಅಣ್ಣ, ಬೋರ್‌ಗೆ ಬಂದೈತೆ’ ಎನ್ನುತ್ತಾರೆ. ಆಮೇಲೆ ಮುಚ್ಚಳದ ಒಳಮೈ ನೋಡುತ್ತಾರೆ. ಅಲ್ಲಿ ಹಾಲು ಹೆಚ್ಚಾದ ಕಾಫಿಯಂಥ ನೊರೆ ಅಂಟಿದ್ದರೆ ಆಯಿಲ್ಲಿಗೆ ನೀರು ಸೇರಿರುವ ಅನುಮಾನ, ಹೆಡ್ ಗ್ಯಾಸ್ಕೆಟ್ ನೋಡಬೇಕು. ಕೊನೆಗೆ ಸೈಲೆನ್ಸರ್ ಹತ್ತಿರ ಹೋಗಿ ಒಬ್ಬರಿಗೆ ಆಕ್ಸಿಲರೇಟರ್ ಒತ್ತಲು ಹೇಳುತ್ತಾರೆ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ, ಕಪ್ಪು ಬಂದರೆ ಡೀಸೆಲ್ ಹೆಚ್ಚಾಗಿದೆ ಇಲ್ಲವೇ ಗಾಳಿ ಸಾಲುತ್ತಿಲ್ಲ, ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ನೀರು ಒಳಗೆ ಹೋಗುತ್ತಿರಬಹುದು. ಐದು ನಿಮಿಷದ ಈ ಪರೀಕ್ಷೆ ಅರ್ಧ ಸತ್ಯ ಹೇಳಿಬಿಡುತ್ತದೆ.

ಎಂಜಿನನ್ನು ಕೊಲ್ಲುವ ಕಾರಣಗಳಲ್ಲಿ ನೀರಿಗೆ ನಾನು ಮೊದಲ ಸ್ಥಾನ ಕೊಡುತ್ತೇನೆ. ಆಯಿಲ್ ಬದಲಿಸಬೇಕು ಎಂಬುದು ಎಲ್ಲರಿಗೂ ಗೊತ್ತು. ಹಳೇ ಡೀಸೆಲ್ ಗಾಡಿಗೆ 5,000 ಕಿ.ಮೀ.ಗೆ ಒಮ್ಮೆ ಬದಲಿಸುವ ಟ್ಯಾಕ್ಸಿಯವರು ಇಲ್ಲಿ ಬಹಳ ಮಂದಿ ಇದ್ದಾರೆ. ಆದರೆ ರೇಡಿಯೇಟರಿಗೆ ಕೂಲಂಟ್ ಬದಲು ಬೋರ್‌ವೆಲ್ ನೀರು ಹಾಕುವುದು ಇನ್ನೂ ನಿಂತಿಲ್ಲ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಪಾತ್ರೆಯಲ್ಲಿ ಕಾಯಿಸಿದರೆ ತಳದಲ್ಲಿ ಬಿಳಿ ಕಟ್ಟುವುದನ್ನು ಎಲ್ಲರೂ ನೋಡಿದ್ದಾರೆ. ಅದೇ ಬಿಳಿ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಎಂಜಿನ್ ಬ್ಲಾಕಿನ ಒಳಗೂ ಕಟ್ಟುತ್ತದೆ. ನೀರು ಸರಾಗವಾಗಿ ತಿರುಗದೆ ಗಾಡಿ ಕುದಿಯುತ್ತದೆ, ಹೆಡ್ಡು ಬೆಂಡಾಗುತ್ತದೆ. ಸಂಪಾಜೆ ಘಾಟಿ ಹತ್ತುವಾಗ ಒಮ್ಮೆ ಕುದಿದ ಎಂಜಿನ್ ಮುಂದೆ ಎಷ್ಟು ರಿಪೇರಿ ಮಾಡಿಸಿದರೂ ಮೊದಲಿನಂತಾಗುವುದು ಕಷ್ಟ. ಕೂಲಂಟ್ ಕ್ಯಾನಿನ ಬೆಲೆಗೂ ಹೆಡ್ ಕೆಲಸದ ಬಿಲ್ಲಿಗೂ ಇರುವ ಅಂತರ ನೋಡಿದರೆ ಈ ಉಳಿತಾಯಕ್ಕೆ ಅರ್ಥವೇ ಇಲ್ಲ.

ಟೈಮಿಂಗ್ ಬೆಲ್ಟಿನದು ಇನ್ನೂ ಕ್ರೂರ ಲೆಕ್ಕ. ಕ್ವಾಲಿಸ್ಸಿನ 2,446 ಸಿಸಿ ಎಂಜಿನ್ನಿಗೂ, 2005ರಿಂದ 2016ರವರೆಗಿನ ಇನ್ನೋವಾದ 2,494 ಸಿಸಿ ಎಂಜಿನ್ನಿಗೂ ರಬ್ಬರಿನ ಟೈಮಿಂಗ್ ಬೆಲ್ಟು. ಅದು ಸೂಚನೆ ಕೊಟ್ಟು ಹಾಳಾಗುವ ಸಾಮಾನಲ್ಲ. ಒಂದು ಲಕ್ಷದ ಹೊತ್ತಿಗೆ ಬದಲಿಸಿದರೆ ಸರಿ. ತುಂಡಾದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಹೆಡ್ಡು ಬಿಚ್ಚಬೇಕಾಗುತ್ತದೆ. ಮೂರ್ನಾಲ್ಕು ಕೈ ಬದಲಾದ ಗಾಡಿಯಲ್ಲಿ ಬೆಲ್ಟು ಯಾವಾಗ ಹಾಕಿದ್ದು ಎಂದು ಯಾರಿಗೂ ಗೊತ್ತಿರುವುದಿಲ್ಲ. ಅಂಥ ಗಾಡಿ ಕೊಂಡವರು ಮೊದಲ ವಾರವೇ ಹೊಸ ಬೆಲ್ಟು ಹಾಕಿಸಿ, ದಿನಾಂಕ ಮತ್ತು ಕಿಲೋಮೀಟರನ್ನು ಒಂದು ಡೈರಿಯಲ್ಲಿ ಬರೆದು ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಇಡಬೇಕು. ಐದು ಲಕ್ಷ ದಾಟಿದ ಗಾಡಿಗಳಲ್ಲಿ ಎಣ್ಣೆಗೈ ಮೆತ್ತಿದ ಅಂಥದೊಂದು ಡೈರಿ ಸಿಗುವುದು ಕಾಕತಾಳೀಯವಲ್ಲ.

ಇನ್ನೋವಾದಿಂದ ಈಚೆಗಿನ ಕಾಮನ್ ರೈಲ್ ಡೀಸೆಲ್‌ಗಳು ಹಳೇ ಪಂಪಿನ ಗಾಡಿಗಳಷ್ಟು ಸಹನೆಯುಳ್ಳವಲ್ಲ. ಇಂಜೆಕ್ಟರುಗಳ ಒಳಗಿನ ಸಂದು ಕೂದಲೆಳೆಗಿಂತ ಎಷ್ಟೋ ಸಣ್ಣದು. ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ಪಿರಿಯಾಪಟ್ಟಣ, ಹುಣಸೂರಿನ ಹಳ್ಳಿಗಳಲ್ಲಿ ಟ್ರ್ಯಾಕ್ಟರಿಗೆಂದು ಕ್ಯಾನುಗಳಲ್ಲಿ ಡೀಸೆಲ್ ತಂದು ಸೊಪ್ಪು ಬೇಯಿಸುವ ಮನೆಯ (ಬ್ಯಾರನ್) ಪಕ್ಕ ಇಟ್ಟಿರುತ್ತಾರೆ. ಅದರಲ್ಲಿ ನೀರಿನ ಪಸೆ, ಕಸ ಸೇರುವುದು ಸಹಜ. ತುರ್ತಿಗೆ ಅದನ್ನೇ ಕಾರಿಗೂ ಸುರಿಯುತ್ತಾರೆ. ಡೀಸೆಲ್ ಫಿಲ್ಟರಿನ ತಳದಲ್ಲಿ ನೀರು ಬಿಡಲು ಒಂದು ಸಣ್ಣ ತಿರುಪು ಇರುತ್ತದೆ. ಅದನ್ನು ಸಡಿಲಿಸಿ, ಬರಿಯ ಡೀಸೆಲ್ ಬರುವವರೆಗೆ ಒಂದು ಬಾಟಲಿಗೆ ಇಳಿಸಿದರೆ ಇಂಜೆಕ್ಟರುಗಳ ಆಯುಸ್ಸು ಹೆಚ್ಚುತ್ತದೆ. ಘಾಟಿ ಹತ್ತಿ ಬಂದ ಟರ್ಬೊ ಗಾಡಿಯನ್ನು ನಿಲ್ಲಿಸಿದ ಕೂಡಲೇ ಆಫ್ ಮಾಡದೆ ಅರ್ಧ ನಿಮಿಷ ಸ್ಲೋ ಓಡಲು ಬಿಡುವುದೂ ಅಂಥದೇ ಅಭ್ಯಾಸ. ಒಳ್ಳೆಯ ಕೈ ಎಂದರೆ ಇಂಥ ಸಣ್ಣ ಅಭ್ಯಾಸಗಳ ಮೊತ್ತ.

ಈ ಸೀಮೆಗೇ ವಿಶೇಷವಾದ ಕಾಟಗಳೂ ಇವೆ. ಸುಗ್ಗಿಯ ಕಾಲದಲ್ಲಿ ರಾಗಿ, ಹುರುಳಿಯನ್ನು ಟಾರು ರಸ್ತೆಯ ಮೇಲೇ ಹರಡಿ ಒಕ್ಕಣೆ ಮಾಡುತ್ತಾರೆ. ರಾಗಿ ಹುಲ್ಲಿನ ದೂಳು ಏರ್ ಫಿಲ್ಟರ್ ಕಟ್ಟಿಸುತ್ತದೆ, ಅಷ್ಟೆ. ಹುರುಳಿ ಅಪಾಯಕಾರಿ. ಅದರ ಬಳ್ಳಿ ಚಕ್ರದ ಆಕ್ಸಲ್ಲಿಗೆ ಸುತ್ತಿಕೊಂಡು, ಬಿಸಿ ಸೈಲೆನ್ಸರಿಗೆ ತಗುಲಿ ಗಾಡಿಗೆ ಬೆಂಕಿ ಹತ್ತಿದ ಘಟನೆಗಳು ಮೈಸೂರು, ಚಾಮರಾಜನಗರದ ಕಡೆ ನಡೆದಿವೆ. ತಳದಲ್ಲಿ ಆಯಿಲ್ ಜಿನುಗುವ, ಸೈಲೆನ್ಸರಿನ ತಗಡು ಕಳಚಿಹೋದ ಹಳೇ ಗಾಡಿಗೆ ಈ ಅಪಾಯ ಹೆಚ್ಚು. ಹುರುಳಿ ಹರಡಿದ ರಸ್ತೆ ದಾಟಿದ ಮೇಲೆ ಇಳಿದು ಕೆಳಗೆ ಬಗ್ಗಿ ನೋಡಲೇಬೇಕು. ರಸ್ತೆ ಒಕ್ಕಣೆಯ ಕಣವಲ್ಲ ಎಂದು ರೈತರಿಗೂ ಹೇಳಬೇಕು, ಹಾಗೆಯೇ ಹಳ್ಳಿಗಳಿಗೆ ಕಣಗಳನ್ನೂ ಕಟ್ಟಿಸಿಕೊಡಬೇಕು. ಇಲಿಗಳದು ಇನ್ನೊಂದು ಗೋಳು. ಹುಲ್ಲಿನ ಮೆದೆ ಪಕ್ಕ ವಾರಗಟ್ಟಲೆ ನಿಂತ ಕಾರಿನ ವೈರುಗಳನ್ನು ಕಡಿದುಹಾಕುತ್ತವೆ. ಬಾನೆಟ್ ಒಳಗೆ ಹೊಗೆಸೊಪ್ಪಿನ ಎಲೆ ಕಟ್ಟಿಡುವುದು ಹಲವರ ಉಪಾಯ. ವಾಸನೆ ಇರುವಷ್ಟು ದಿನ ಇಲಿ ದೂರವಿರಬಹುದು, ಆದರೆ ಗಾಡಿಯನ್ನು ಎರಡು ದಿನಕ್ಕೊಮ್ಮೆ ತೆಗೆದು ಓಡಿಸುವುದಕ್ಕಿಂತ ದೊಡ್ಡ ಮದ್ದಿಲ್ಲ. ನಿಂತ ಗಾಡಿ ಓಡುವ ಗಾಡಿಗಿಂತ ಬೇಗ ಹಾಳಾಗುತ್ತದೆ. ಬ್ಯಾಟರಿ ಇಳಿಯುತ್ತದೆ, ಬ್ರೇಕ್ ಸಿಲಿಂಡರ್ ಹಿಡಿಯುತ್ತದೆ, ಟಯರು ಒಂದೇ ಕಡೆ ಚಪ್ಪಟೆಯಾಗುತ್ತದೆ.

ಹಣದ ಲೆಕ್ಕಕ್ಕೆ ಬರೋಣ. ಹತ್ತು ಲಕ್ಷ ರೂಪಾಯಿ ಸಾಲ, ಶೇ 10 ಬಡ್ಡಿ, ಐದು ವರ್ಷ ಎಂದರೆ ತಿಂಗಳ ಕಂತು ಸುಮಾರು 21,250 ರೂ. ವರ್ಷಕ್ಕೆ ಎರಡೂವರೆ ಲಕ್ಷ. ಹಳೇ ಗಾಡಿಯ ಎಂಜಿನ್ ಇಳಿಸಿ ಪೂರ್ತಿ ಕಟ್ಟಿಸಿದರೂ ಒಂದು ವರ್ಷದ ಈ ಕಂತಿನಷ್ಟು ಆಗುವುದು ಅಪರೂಪ. ಹೊಗೆಸೊಪ್ಪು ಬೆಳೆಗಾರರಿಗೆ ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹರಾಜು ಮಾರುಕಟ್ಟೆ ತೆರೆಯುವುದು ಮಳೆಗಾಲ ಕಳೆದ ಮೇಲೆ, ದುಡ್ಡು ಕೈಸೇರುವುದು ಆ ಕೆಲವೇ ತಿಂಗಳಲ್ಲಿ. ಬ್ಯಾಂಕಿನ ಕಂತು ಮಾತ್ರ ಹನ್ನೆರಡು ತಿಂಗಳೂ ಬರುತ್ತದೆ. ರಿಪೇರಿಯಾದರೆ ‘ಸೊಪ್ಪು ಮಾರಿದ ಮೇಲೆ ಮಾಡ್ಸೋಣ, ಅಲ್ಲಿಗಂಟ ನಿಧಾನಕ್ಕೆ ಓಡ್ಸಿ’ ಎಂದು ಮೇಸ್ತ್ರಿ ಹೇಳಿ ಕಾಯುತ್ತಾರೆ. ಹಳೇ ಗಾಡಿ ಬೆಳೆಗಾರರ ವರಮಾನದ ಲಯಕ್ಕೆ ಹೊಂದುತ್ತದೆ, ಹೊಸ ಗಾಡಿಯ ಸಾಲ ಹೊಂದುವುದಿಲ್ಲ. ನಗರದಲ್ಲಿ ಕೂತು ‘ಹಳೇ ಗಾಡಿಗೆ ಸುಮ್ಮನೆ ಯಾಕೆ ದುಡ್ಡು ಸುರೀತಾರೆ’ ಎನ್ನುವವರು ಈ ಮಾತನ್ನು ಯೋಚಿಸಬೇಕು.

ಆದರೆ ಕಾಯುವ ಆ ಮೇಸ್ತ್ರಿಗಳೇ ಕಡಿಮೆಯಾಗುತ್ತಿದ್ದಾರೆ. ಒಂದು ಎಂಜಿನ್ ಕಟ್ಟುವುದು ಒಬ್ಬರ ಕೆಲಸವಲ್ಲ. ಬ್ಲಾಕು ಲೇತ್ ಅಂಗಡಿಗೆ ಹೋಗಿ ಬೋರ್ ಆಗಬೇಕು, ಅರ್ಧ ಮಿಲಿಮೀಟರ್ ಓವರ್‌ಸೈಜ್ ಪಿಸ್ಟನ್ ಹಾಕುವುದೋ ಲೈನರ್ ಕೂರಿಸುವುದೋ ಎಂದು ತೀರ್ಮಾನವಾಗಬೇಕು, ಕ್ರ್ಯಾಂಕು ಗ್ರೈಂಡ್ ಆಗಬೇಕು, ಪಂಪು–ನಾಜಲ್ ಮೈಸೂರಿಗೆ ಹೋಗಿ ಟೆಸ್ಟ್ ಆಗಿ ಬರಬೇಕು. ಸಿಗದ ಸಾಮಾನಿಗೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಅಂಗಡಿಗಳಿವೆ. ಈ ಸರಪಣಿಯ ಒಂದು ಕೊಂಡಿ ಕಳಚಿದರೂ ಗಾಡಿ ನಿಲ್ಲುತ್ತದೆ. ಕಿವಿಯಿಂದಲೇ ಟ್ಯಾಪೆಟ್ ಸದ್ದು ಹೇಳಬಲ್ಲ ಹಿರಿಯರ ಪಕ್ಕ ಸ್ಪಾನರ್ ಹಿಡಿದು ನಿಲ್ಲುವ ಹುಡುಗರು ಈಗ ಸಿಗುವುದಿಲ್ಲ. ಸ್ಕ್ಯಾನರ್ ಹಾಕಿ ಕೋಡ್ ಓದುವುದು ಬೇಗ ಕಲಿಯಬಹುದು, ಬೇರಿಂಗ್ ಸಂದನ್ನು ಬೆರಳಲ್ಲಿ ಅಂದಾಜು ಮಾಡುವುದಕ್ಕೆ ವರ್ಷಗಳು ಬೇಕು. ಇದೇ ಜಿಲ್ಲೆಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೂ ಜಾವಾ, ಯೆಜ್ಡಿ ಬೈಕುಗಳು ಇಷ್ಟು ಕಾಲ ರಸ್ತೆ ಮೇಲೆ ಉಳಿದದ್ದು ಆ ಬೈಕನ್ನು ಕಣ್ಣು ಮುಚ್ಚಿ ಬಿಚ್ಚಿ ಕಟ್ಟಬಲ್ಲ ಮೆಕ್ಯಾನಿಕ್‌ಗಳಿಂದ. ಕಂಪನಿ ಹೋದ ಮೇಲೂ ಗಾಡಿ ಬದುಕುತ್ತದೆ. ಮೆಕ್ಯಾನಿಕ್ ಹೋದರೆ ಬದುಕುವುದಿಲ್ಲ.

ಪೆಟ್ರೋಲ್ ಗಾಡಿಗಳಿಗೆ ಹೊಸ ಚಿಂತೆ ಎಥನಾಲ್. ಶೇ 20 ಎಥನಾಲ್ ಬೆರೆಸಿದ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು, ಈಗ ಬಂಕುಗಳಲ್ಲಿ ಬಹುತೇಕ ಅದೇ. ಎಥನಾಲ್ ಇಲ್ಲದ ಪೆಟ್ರೋಲಿಗೆಂದೇ ರೂಪಿಸಿದ ಕಾರುಗಳಲ್ಲಿ ಮೈಲೇಜ್ ಶೇ 6–7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಕಾರ್ಬ್ಯುರೇಟರ್ ಇರುವ ಹಳೇ 800, ಓಮ್ನಿಗಳ ರಬ್ಬರ್ ಪೈಪು, ಗ್ಯಾಸ್ಕೆಟ್‌ಗಳು ಇದಕ್ಕೆಂದು ಮಾಡಿದವಲ್ಲ. ಪೈಪುಗಳನ್ನು ಹೊಸದಾಗಿ ಹಾಕಿಸುವುದು, ಅರ್ಧ ಟ್ಯಾಂಕ್ ಪೆಟ್ರೋಲಿನಲ್ಲಿ ತಿಂಗಳುಗಟ್ಟಲೆ ನಿಲ್ಲಿಸದಿರುವುದು ನಮ್ಮ ಕೈಯಲ್ಲಿದೆ. ಹಳೇ ಗಾಡಿಯವರಿಗೆ ಎಥನಾಲ್ ಕಡಿಮೆಯಿರುವ ಪೆಟ್ರೋಲ್ ಆಯ್ಕೆಯನ್ನೂ ಉಳಿಸಬೇಕಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ಕಾನೂನು. ಬಿಳಿ ಬೋರ್ಡಿನ ಕಾರಿಗೆ ನೋಂದಣಿ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಹುಣಸೂರಿನ ಕಚೇರಿಗೆ ಗಾಡಿ ಒಯ್ದು, ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು, ಬ್ರೇಕ್ ಇನ್ಸ್‌ಪೆಕ್ಟರಿಗೆ ತೋರಿಸಬೇಕು. ಹಸಿರು ತೆರಿಗೆ ಕಟ್ಟಬೇಕು. ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 600 ರೂ. ಇದ್ದದ್ದು 5,000 ಆಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳಿಗೆ 10,000 ಮಾಡಿದರು. ಸರ್ಕಾರಿ ಗಾಡಿಗಳಿಗಂತೂ 2023ರ ಏಪ್ರಿಲ್‌ನಿಂದ 15 ವರ್ಷವೇ ಕೊನೆ. ಡೀಸೆಲ್ ಕಾರಿಗೆ ಹತ್ತೇ ವರ್ಷ ಎಂಬ ಆದೇಶ ದೆಹಲಿ ಸುತ್ತಲಿನ ಪ್ರದೇಶದ್ದು, ನಮ್ಮಲ್ಲಿ ಅದು ಇಲ್ಲ. ಆದರೂ ಅದನ್ನೇ ಹೇಳಿ ಹೆದರಿಸಿ ಹಳ್ಳಿಗರ ಗಾಡಿಯನ್ನು ಅಗ್ಗಕ್ಕೆ ಹೊಡೆಯುವ ಬ್ರೋಕರುಗಳಿದ್ದಾರೆ. ತಿಂಗಳಿಗೆ ಎರಡು ಸಲ ಮೈಸೂರಿಗೆ ಹೋಗಿ ಬಂದು 15 ವರ್ಷದಲ್ಲಿ ಅರ್ಧ ಲಕ್ಷವೂ ಓಡದ ಮೇಷ್ಟ್ರ ಕಾರಿಗೂ, ಯಾರ್‍ಯಾರದೋ ಕೈಯಲ್ಲಿ ಮೂರು ಲಕ್ಷ ಒದ್ದಾಡಿದ ಕಾರಿಗೂ ಒಂದೇ ಶುಲ್ಕ, ಒಂದೇ ಗಡುವು ಎಂಬುದು ನ್ಯಾಯವಲ್ಲ. ಶುಲ್ಕ ಏರಿಸುವ ಬದಲು ಪರೀಕ್ಷೆ ಬಿಗಿ ಮಾಡಲಿ. ಬ್ರೇಕು, ಹೊಗೆ, ಚಾಸಿ, ಸ್ಟೇರಿಂಗ್ ಯಂತ್ರದಲ್ಲಿಟ್ಟು ನೋಡಲಿ. ಪಾಸಾದ ಗಾಡಿ ಎಷ್ಟೇ ಹಳೆಯದಿರಲಿ, ಓಡಲಿ.

ಹಾಗೆ ಪರೀಕ್ಷೆ ಬಿಗಿಯಾದರೆ ಎಷ್ಟೋ ಪ್ರೀತಿಯ ಗಾಡಿಗಳು ನಿಲ್ಲುತ್ತವೆ, ನಿಲ್ಲಬೇಕು ಕೂಡ. ಹೊಗೆ ನಿಯಮದ ಬಿಎಸ್–2 (ಭಾರತ್ ಸ್ಟೇಜ್) ಹಂತದ ಡೀಸೆಲ್ ಕಾರಿಗೆ ಕಿಲೋಮೀಟರಿಗೆ 0.08 ಗ್ರಾಂ ಕಣ ಉಗುಳಲು ಅನುಮತಿ ಇತ್ತು, ಬಿಎಸ್–6ರಲ್ಲಿ ಅದು 0.0045. ಹದಿನೇಳು ಪಟ್ಟಿಗೂ ಹೆಚ್ಚಿನ ಈ ವ್ಯತ್ಯಾಸ ಬಸ್ ಸ್ಟ್ಯಾಂಡಿನಲ್ಲಿ ನಿಂತ ಶಾಲೆ ಮಕ್ಕಳ ಶ್ವಾಸಕೋಶದ ಪ್ರಶ್ನೆ. ಅದೂ ಎಂಜಿನ್ ಸರಿಯಿದ್ದಾಗಿನ ಲೆಕ್ಕ; ನಾಜಲ್ ಕೆಟ್ಟ ಗಾಡಿಯ ಹೊಗೆ ಇನ್ನೂ ಹೆಚ್ಚು. ಸುರಕ್ಷತೆಯೂ ಅಷ್ಟೇ ಗಂಭೀರ. ಡ್ರೈವರ್ ಏರ್‌ಬ್ಯಾಗ್, ಎಬಿಎಸ್ ಕಡ್ಡಾಯವಾದದ್ದು 2019ರಲ್ಲಿ. ಅದಕ್ಕೆ ಹಿಂದಿನ ಬಹಳಷ್ಟು ಗಾಡಿಗಳಲ್ಲಿ ಎರಡೂ ಇಲ್ಲ. ಇವನ್ನು ಆಮೇಲೆ ಜೋಡಿಸಲಾಗುವುದಿಲ್ಲ. ಆಗುವುದನ್ನಾದರೂ ಮಾಡಬೇಕು: ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್, ಬಿರುಕು ಬಿಟ್ಟ ಬ್ರೇಕ್ ಪೈಪು ಬದಲಾವಣೆ, ಎಲ್ಲ ಸೀಟಿಗೂ ಬೆಲ್ಟು. ಟಯರಿನ ಪಕ್ಕದಲ್ಲಿ ನಾಲ್ಕಂಕಿ ಇರುತ್ತದೆ. 2319 ಎಂದರೆ 2019ರ 23ನೇ ವಾರ ತಯಾರಾದದ್ದು. ಗೆರೆ ಇನ್ನೂ ಸವೆದಿಲ್ಲ ಎಂದು ಹತ್ತು ವರ್ಷದ ಟಯರಿನಲ್ಲಿ ಹೆದ್ದಾರಿಗೆ ಹೋಗುವುದು ಪ್ರಾಣದ ಜೊತೆ ಜೂಜು.

ನಿಲ್ಲಿಸುವ ಹೊತ್ತು ಎಂಜಿನ್ ಹೇಳುವುದಿಲ್ಲ, ಎಂಜಿನ್ ಯಾವಾಗ ಬೇಕಾದರೂ ಕಟ್ಟಬಹುದು. ಚಾಸಿಯಲ್ಲಿ ಸುತ್ತಿಗೆ ತಟ್ಟಿದರೆ ಪುಡಿ ಉದುರುತ್ತಿದ್ದರೆ, ಶಾಕ್ ಅಬ್ಸಾರ್ಬರ್ ಜಾಗಕ್ಕೆ ಪ್ಯಾಚ್ ಮೇಲೆ ಪ್ಯಾಚ್ ಬಂದಿದ್ದರೆ, ಚಾಸಿ ನಂಬರೇ ತುಕ್ಕಿನಲ್ಲಿ ಕಾಣದಾಗಿದ್ದರೆ, ಅಂಥ ಗಾಡಿಯನ್ನು ಮಕ್ಕಳನ್ನು ಕೂರಿಸಿಕೊಂಡು ಓಡಿಸಬಾರದು. ನೋಂದಾಯಿತ ಕೇಂದ್ರದಲ್ಲಿ ಗುಜರಿಗೆ ಕೊಟ್ಟರೆ ಸಿಗುವ ಪ್ರಮಾಣಪತ್ರಕ್ಕೆ ಹೊಸ ಗಾಡಿಯ ತೆರಿಗೆಯಲ್ಲಿ ರಿಯಾಯಿತಿಗೂ ಕೇಂದ್ರದ ನಿಯಮದಲ್ಲಿ ಅವಕಾಶವಿದೆ. ಉಳಿದ ಗಾಡಿಗಳ ಪಾಲಿಗೆ ಈಗ ಬೇಕಾದದ್ದು ಎರಡು. ನಾಲ್ಕೂ ತಾಲ್ಲೂಕಿನ ಜನ ಮೈಸೂರಿನವರೆಗೆ ಅಲೆಯದಂತೆ ಹುಣಸೂರಿನಲ್ಲೇ ಯಂತ್ರ ಪರೀಕ್ಷೆಯ ಒಂದು ಕೇಂದ್ರ. ತಾಲ್ಲೂಕಿನ ಐಟಿಐಗಳಲ್ಲಿ ಮೋಟಾರ್ ಮೆಕ್ಯಾನಿಕ್ ಕಲಿಯುವ ಹುಡುಗ ಹುಡುಗಿಯರಿಗೆ ವರ್ಷದಲ್ಲಿ ಮೂರು ತಿಂಗಳಾದರೂ ಊರಿನ ಹಿರಿಯ ಮೇಸ್ತ್ರಿಗಳ ಗ್ಯಾರೇಜಿನಲ್ಲಿ ತರಬೇತಿ, ಕಲಿಯುವವರಿಗೂ ಕಲಿಸುವವರಿಗೂ ಸಂಬಳದ ಸಮೇತ.